ಸಂಗಪ್ಪಣ್ಣನ ಟ್ರೆಮರ್

ಭೂಮಿ ನಡುಗುವ ಮೊದಲೇ ಒಬ್ಬ ಮನುಷ್ಯನ ಬಲಗೈಗೆ ಗೊತ್ತಾಗುತ್ತಿತ್ತು ಎಂದರೆ ನಂಬುತ್ತೀರಾ? ನಂಬದೆ ಇದ್ದು ತೋರಿಸಿ. ಇಡೀ ಉಮರ್ಗಾ ನಂಬಿತ್ತು. ನಂಬಿಸಿದವನು ನಾನೇ.

ಆ ಕೈ ಗಡಿಯಾರ ರಿಪೇರಿಯ ಸಂಗಪ್ಪಣ್ಣನದು. ನನ್ನ ಸೈಕಲ್ ಅಂಗಡಿಗೆ ಅಂಟಿಕೊಂಡೇ ಅವನ ಗಾಜಿನ ಪೆಟ್ಟಿಗೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಉಸಿರು ಬಿಗಿಹಿಡಿದು, ಸಾಸಿವೆಗಿಂತ ಸಣ್ಣ ಸ್ಕ್ರೂ ಎತ್ತುತ್ತಿದ್ದ. ಆಗ ಮಾತಾಡಿಸಿದರೆ ಚಿಮುಟ ತೋರಿಸಿ ಹೆದರಿಸುತ್ತಿದ್ದ. ಓದಿದ್ದು ನಾಲ್ಕನೇ ಇಯತ್ತೆ. ಆದರೆ ಪೇಪರಿನಲ್ಲಿ ಸಿಕ್ಕ ಇಂಗ್ಲಿಷ್ ಶಬ್ದವನ್ನೂ ಗಡಿಯಾರದ ಹಾಗೆ ಬಿಚ್ಚಿ ನೋಡುವ ಹುಚ್ಚು.

ತೊಂಬತ್ಮೂರರಲ್ಲಿ ನಮ್ಮ ಸೀಮೆಯಲ್ಲಿ ದೊಡ್ಡ ಭೂಕಂಪವಾದ ಮೇಲೆ ನೆಲ ಆಗಾಗ ಅಲುಗುತ್ತಲೇ ಇತ್ತು. ಆಗ ಊರಿಗೆ ಬಂದ ಶಬ್ದ ಟ್ರೆಮರ್. ಅದರ ಅರ್ಥ ಹೇಳುವ ಅಧಿಕಾರ ಸಂಗಪ್ಪಣ್ಣನದು. "ಭೂಕಂಪ ಅಂದ್ರ ತಾಯಿ, ಟ್ರೆಮರ್ ಅಂದ್ರ ಅದರ ಮರಿ. ಮರಿ ಎಷ್ಟ ದಿನ ಕುಣೀತದ? ತಾನಽ ಸುಮ್ಮಾಗ್ತದ" ಅನ್ನುತ್ತಿದ್ದ.

ಎರಡು ವರ್ಷಕ್ಕೆ ನೆಲ ಸುಮ್ಮನಾಯಿತು, ಅವನ ಬಲಗೈ ಶುರುವಾಯಿತು. ಉದಗೀರಿನ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ಅವರು ಕೈ ನೋಡಿ ಟ್ರೆಮರ್ ಎಂದರು. ಸಂಗಪ್ಪಣ್ಣ ನಕ್ಕುಬಿಟ್ಟ.

"ಸಾಹೇಬ್ರ, ಶಬ್ದ ತಪ್ಪ್ಯದ. ಅದು ನೆಲದ್ದು ರೀ."

ಇದು ನರದ್ದು, ಮನುಷ್ಯನಿಗೂ ಅದೇ ಶಬ್ದ, ಗುಳಿಗೆ ತಪ್ಪಿಸಬೇಡ ಎಂದರು ಡಾಕ್ಟರು. ಬಸ್ಸಿನಲ್ಲಿ ಅವನು ತನ್ನದೇ ತರ್ಕ ಹೂಡಿದ: ಶಬ್ದ ಒಂದೇ ಆದರೆ ಗುಣವೂ ಒಂದೇ, ನೆಲದ್ದು ಗುಳಿಗೆ ಇಲ್ಲದೆ ನಿಂತಿತು, ಕೈಯದೂ ನಿಲ್ಲುತ್ತದೆ. ನಿಲಂಗಾ ದಾಟುವಷ್ಟರಲ್ಲಿ ಗುಳಿಗೆಯ ಚೀಟಿ ಕಿಟಕಿಯಿಂದ ಹಾರಿತು.

ನನಗೋ, ಚೇಷ್ಟೆ ಮಾಡದಿದ್ದರೆ ಉಂಡದ್ದು ಕರಗುವುದಿಲ್ಲ. ಚಹಾದಂಗಡಿಯಲ್ಲಿ ಮುಖ ಗಂಟಿಕ್ಕಿ ಹೇಳಿದೆ: "ಸಂಗಪ್ಪಣ್ಣನ ಕೈ ಸುಮ್ಮ ನಡಗಂಗಿಲ್ಲಪಾ. ನೆಲದಾಗಿಂದು ಅದಕ್ಕ ಮೊದಲ ತಿಳೀತದ."

ಅಂಥ ಸುಳ್ಳು ಈ ಸೀಮೆಯಲ್ಲಿ ಮತ್ತೊಬ್ಬ ಹೇಳಿಲ್ಲ. ಔರಾದ ಶಹಾಜನಿಯ ಸಂತೆಯವರೆಗೂ ಹೋಯಿತು. ಭೂಕಂಪದಲ್ಲಿ ಮನೆ ಕಳಕೊಂಡ ಲೋಹಾರಾ ಕಡೆಯ ಹೆಂಗಸರು ಬಂದು ಪೆಟ್ಟಿಗೆಯ ಮುಂದೆ ಕೂತು ಅವನ ಕೈಯನ್ನೇ ನೋಡುತ್ತಿದ್ದರು. ಚಿಮುಟ ಜೋರಾಗಿ ಕುಣಿದ ದಿನ ಓಣಿಗೆ ಓಣಿಯೇ ಬಯಲಿಗೆ ಓಡಿತು. ನಾನು ಹೊಟ್ಟೆ ಹಿಡಿದು ನಕ್ಕೆ.

ಆಮೇಲೆ ಗಮನಿಸಿದೆ. ಕೈ ನೋಡಲು ಬಂದವರಲ್ಲಿ ಒಬ್ಬರೂ ಗಡಿಯಾರ ತಂದಿರಲಿಲ್ಲ. ನಡುಕ ಬಚ್ಚಿಟ್ಟುಕೊಂಡು ಹೇಗೋ ದುಡಿಯುತ್ತಿದ್ದ ಕೈಯನ್ನು ಊರಿಗೆಲ್ಲ ಸಾರಿದವನು ನಾನು.

ಮನಸ್ಸು ತಡೆಯದೆ ನನ್ನ ಗಡಿಯಾರ ಕೊಟ್ಟೆ. ಚೆನ್ನಾಗಿಯೇ ನಡೆಯುತ್ತಿತ್ತು, ಕೆಟ್ಟಿದೆ ಎಂದೆ. ಅವನು ಬಿಚ್ಚಿದ. ಮತ್ತೆ ಕೂಡಿಸಲು ಆಗಲಿಲ್ಲ. ಕೆಲವು ತಿಂಗಳಿಗೆ ಪೆಟ್ಟಿಗೆ ಮುಚ್ಚಿ ಮನೆ ಸೇರಿದ. ನಾನು ಕೊನೆಯ ಸಲ ಹೋದಾಗ ಬಾಗಿಲಲ್ಲೇ ನಿಂತು ತಂಬಾಕಿನ ಡಬ್ಬಿಯೊಂದನ್ನು ಕೈಗಿಟ್ಟ. ಒಳಗೆ ನನ್ನ ಗಡಿಯಾರ, ಬಿಡಿಬಿಡಿಯಾಗಿ. "ಊರಾಗ ನೀ ಒಬ್ಬವನಽ ಈ ಕೈ ನಂಬಿದಿ, ತಮ್ಮಾ" ಎಂದ. ಅದೇ ಮಳೆಗಾಲದಲ್ಲಿ ತೀರಿಕೊಂಡ.

ನಿಮಗೆ ಹೇಳಿದ ಇಷ್ಟರಲ್ಲಿ ನಾನು ಹೊಸೆದದ್ದು ಒಂದೇ: ಆ ಕೊನೆಯ ಮಾತು. ನಿಜವಾಗಿ ಅವನು ಅಂದದ್ದು, "ನಡಿಯೋ ಗಡಿಯಾರ ಇತ್ತಲ್ಲೋ ಇದು." ಅಂದು, ಬಾಗಿಲು ಹಾಕಿಕೊಂಡ.