ಕೊಲಿ ಮಾಡಿದ್ಯಾರು, ಹೇಳಿ ಹೋಗ್ರಿ

ಮೊನ್ನೆ ಸಂಜೆ ಎದುರುಮನೆಯ ಶೈಲಾ ಬಂದು, "ಅಕ್ಕಾರ, ನಿಮ್ಮ ಆ ನೀಲಿ ರೇಷ್ಮಿ ಸೀರಿ ಒಂದಿನದ ಮಟ್ಟಿಗೆ ಕೊಡ್ರಿ" ಎಂದಳು. ಈ ಹುಡುಗಿ ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕಿ. ದಿನಾ ನಮ್ಮ ಕೊಟ್ಟೂರಿನಿಂದ ಬಸ್ಸಿನಲ್ಲಿ ನಿಂತು ಹೋಗಿ, ನಿಂತೇ ಬರುತ್ತಾಳೆ. ಟ್ರಂಕು ತೆರೆದು ಸೀರೆ ಎಳೆದೆ. ಡಾಂಬರು ಗುಳಿಗೆಯ ವಾಸನೆಯ ಜೊತೆಗೇ ಅದರ ಮಡಿಕೆಯಿಂದ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಜಾರಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ಇಷ್ಟು ವರ್ಷ ಕಳೆದರೂ ಆ ಪುಸ್ತಕಕ್ಕೆ ನನ್ನನ್ನು ನೋಯಿಸುವ ಚಟ ಬಿಟ್ಟಿಲ್ಲ ನೋಡಿ.

ಅದು ಕೊಲೆಯ ಕಥೆ. ದಾವಣಗೆರೆಯ ಹಳೇ ಪುಸ್ತಕದಂಗಡಿಯಲ್ಲಿ ಕೊಂಡದ್ದು. ಇಂಗ್ಲೆಂಡಿನ ಹಳೆಯ ವಿಶ್ವವಿದ್ಯಾಲಯವೊಂದರಲ್ಲಿ ಕರಿ ನಿಲುವಂಗಿ ತೊಟ್ಟ ಪಂಡಿತರೆಲ್ಲ ಉದ್ದನೆಯ ಮೇಜಿಗೆ ಕುಳಿತು ಊಟ ಮಾಡುತ್ತಿರುತ್ತಾರೆ. ಊಟ ಮುಗಿಯುವುದರೊಳಗೆ ಅವರಲ್ಲೊಬ್ಬ ತಟ್ಟೆಯ ಮೇಲೆ ತಲೆಯಿಟ್ಟು ಸತ್ತಿರುತ್ತಾನೆ. ಅವನ ಲೋಟಕ್ಕೆ ಯಾರೋ ವಿಷ ಹಾಕಿದ್ದಾರೆ. ಕಾರಣ, ಅವನಿಗೆ ಸಿಗಲಿದ್ದ ಒಂದು ಪ್ರೊಫೆಸರ್ ಹುದ್ದೆ.

ತೊಂಬತ್ತರ ದಶಕದಲ್ಲಿ ನಾನು ಹರಪನಹಳ್ಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಾನೂ ಅರೆಕಾಲಿಕಳೇ. ಅರೆ ಎಂಬುದು ಸಂಬಳಕ್ಕೆ ಮಾತ್ರ, ಕೆಲಸ ಪೂರ್ತಿ. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. "ಸರ್ಕಾರದ ಅನುದಾನ ಬರಲಿ, ನೀವು ಕಾಯಂ ಆದ್ರಿ ಅಂತ ತಿಳ್ಕೊಳ್ರಿ" ಎಂದು ಪ್ರಿನ್ಸಿಪಾಲರು ಎದುರಾದಾಗಲೆಲ್ಲ ಹೇಳುತ್ತಿದ್ದರು. ಆ ಮಾತು ನೆಚ್ಚಿಕೊಂಡು ಬ್ಯಾಂಕಿನ ಪರೀಕ್ಷೆ ಬಿಟ್ಟೆ. ದೂರದ ಊರಿನ ಒಳ್ಳೆಯ ಸಂಬಂಧವೊಂದು ಬಂದಿತ್ತು, ಅದನ್ನೂ ಬಿಟ್ಟೆ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿದಾಗ ಈ ಕಾದಂಬರಿಯನ್ನು ದಿನಕ್ಕಿಷ್ಟು ಎಂದು ಕನ್ನಡದಲ್ಲಿ ಹೇಳುತ್ತಿದ್ದೆ. ಇತಿಹಾಸದ ಕೊಟ್ರಪ್ಪ ಸರ್ ಕಥೆಗಾಗಿಯೇ ಕ್ಲಾಸು ಬೇಗ ಬಿಟ್ಟು ಬರುವರು. ಒಂದು ದಿನ ರೊಟ್ಟಿ ಮುರಿಯುತ್ತ ಕೇಳಿದರು: "ಅಲ್ಲರೀ ಮೇಡಂ, ಒಂದು ಪೋಸ್ಟಿಗೆ ಮನುಷ್ಯಾಗ ವಿಷ ಯಾಕ ಹಾಕ್ಬೇಕ್ರಿ? ಅವರ ಕಾಲೇಜಿಗೆ ಕಾರ್ಯದರ್ಶಿ ಅಂತ ಯಾರೂ ಇಲ್ಲೇನು? ಅವರ ಮನಿಗೆ ಹೋಗಿ ಒಂದು ಮಾತು ಹೇಳಿದ್ರ ಮುಗೀತಿತ್ತಲ್ಲ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನನ್ನ ಜಾಣತನಕ್ಕೆ ಏನೆನ್ನಬೇಕು!

ಅನುದಾನ ಬಂತು. ಪ್ರಿನ್ಸಿಪಾಲರು ಕರೆದು, "ಶನಿವಾರ ನಿಮಗೊಂದು ಸನ್ಮಾನ ಇಟ್ಟೀವಿ ಮೇಡಂ, ಚಲೋ ಸೀರಿ ಉಟ್ಕಂಡು ಬರ್ರಿ" ಎಂದರು. ಕಾಯಂ ಆಯಿತೆಂದು ಅವ್ವ ಶಾವಿಗೆ ಪಾಯಸ ಮಾಡಿದಳು. ಈ ನೀಲಿ ಸೀರೆ ಆಗ ಕೊಂಡದ್ದೇ. ಶನಿವಾರ ವೇದಿಕೆಯ ಮೇಲೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಸುಗಂಧರಾಜದ ಹಾರ ಹಿಡಿದು ನಿಂತರು. ನಾನು ಕೊರಳು ಬಗ್ಗಿಸಿದೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಮೈಕಿನ ಮುಂದೆ ನಿಂತು, "ಉನ್ನತ ವ್ಯಾಸಂಗಕ್ಕಾಗಿ ಸ್ವಇಚ್ಛೆಯಿಂದ ನಮ್ಮನ್ನು ಅಗಲುತ್ತಿರುವ ಮೇಡಂ ಅವರಿಗೆ ಶುಭವಾಗಲಿ" ಎಂದರು.

ಯಾವ ವ್ಯಾಸಂಗ? ಯಾರ ಇಚ್ಛೆ? ನಾನು ರಾಜೀನಾಮೆ ಕೊಟ್ಟಿರಲೇ ಇಲ್ಲ! ಮೊದಲ ಸಾಲಿನಲ್ಲಿ ಕಾರ್ಯದರ್ಶಿಗಳ ಹೊಸ ಅಳಿಯ, ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವನು, ಚಪ್ಪಾಳೆ ತಟ್ಟುತ್ತಿದ್ದ. ಸಹೋದ್ಯೋಗಿಗಳು ಒಬ್ಬೊಬ್ಬರೇ ಎದ್ದು ನನ್ನ ಗುಣಗಾನ ಮಾಡಿದರು. ಕೊಟ್ರಪ್ಪ ಸರ್ ಕಣ್ಣೊರೆಸಿಕೊಂಡರು. ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಕೂಗಬೇಕಿತ್ತು. ಕೊರಳಲ್ಲಿ ಹಾರ ಇಟ್ಟುಕೊಂಡು ಹಾರ ಹಾಕಿದವರ ಮೇಲೆ ಜಗಳ ತೆಗೆಯುವುದನ್ನು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಯಾರೂ ಕಲಿಸಿರುವುದಿಲ್ಲ. ಮೈಕು ನನ್ನ ಕೈಗೆ ಬಂತು. "ಎಲ್ಲರಿಗೂ ಧನ್ಯವಾದಗಳು" ಎಂದೆ.

ಸೋಮವಾರ ಹೋಗಿ ಕೇಳಿದೆ. "ಎಲ್ಲರ ಮುಂದ ನೀವ ಧನ್ಯವಾದ ಹೇಳಿ, ಈಗ ಹಿಂಗಂದ್ರ ಹೆಂಗ್ರಿ?" ಎಂದರು ಪ್ರಿನ್ಸಿಪಾಲರು. ಹೊರಬಂದಾಗ ಕೊಟ್ರಪ್ಪ ಸರ್ ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೂ ನಡೆದರು. ಏನೋ ಹೇಳಬೇಕೆಂದಿದ್ದಾರೆ, ಅನ್ಯಾಯವಾಯಿತು ಎನ್ನುತ್ತಾರೆ ಎಂದುಕೊಂಡೆ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಹೇಳಿದರು: "ಕತಿ ಅರ್ಧಕ್ಕ ನಿಂತೈತ್ರಿ ಮೇಡಂ. ಆ ಕೊಲಿ ಮಾಡಿದ್ಯಾರು, ಹೇಳಿ ಹೋಗ್ರಿ."

ಅವರ ಮುಖದಲ್ಲಿ ಕುಹಕ ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳುವ ಆಸೆ. ನನ್ನ ಹೊಟ್ಟೆ ಇಂದಿಗೂ ಉರಿಯುವುದು ಅದಕ್ಕೇ. ಕಿಟಕಿ ಎಳೆದುಕೊಂಡೆ. ಆಮೇಲೆ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಲಿಲ್ಲ. ಮನೆಯಲ್ಲಿ ಟ್ಯೂಷನ್ ಹೇಳುತ್ತ ತಲೆ ನರೆಯಿತು.

"ಸೀರಿ ಯಾಕ ಬೇಕವ್ವಾ?" ಎಂದು ಶೈಲಾಳನ್ನು ಕೇಳಿದೆ.

"ಶನಿವಾರ ಕಾಲೇಜಿನಾಗ ನನಗ ಸನ್ಮಾನ ಐತ್ರಿ ಅಕ್ಕಾರ! ಕಾಯಂ ಮಾಡ್ಯಾರೇನೋ ಅಂತ ಕಾಣ್ತೈತಿ."

ಸೀರೆಯನ್ನು ಕೊಡದೆ ಕೈಯಲ್ಲೇ ಹಿಡಿದು ಕೇಳಿದೆ: "ರಾಜೀನಾಮಿ ಏನಾರ ಬರದುಕೊಟ್ಟೀಯೇನು?"

"ಇಲ್ಲರೀ. ಯಾಕ್ರಿ?"

"ಸೀರಿ ಉಟ್ಕಂಡ ಹೋಗು. ಆದ್ರ ಹಾರ ತಂದಾಗ ಕೊರಳು ಬಗ್ಗಿಸಬ್ಯಾಡ. ಕೈಯಾಗ ಇಸ್ಕಂಡು ಟೇಬಲ್ ಮ್ಯಾಲ ಇಡು. ಮೈಕು ಕೊಟ್ರ ಥ್ಯಾಂಕ್ಸ್ ಅನಬ್ಯಾಡ. ಸೋಮವಾರ ನನ್ನ ಕ್ಲಾಸ್ ಐತಿ, ಬರ್ತೀನಿ ಅನ್ನು."

ಹುಡುಗಿಯ ಮುಖ ಸಪ್ಪಗಾಯಿತು. "ಏನೇನೋ ಹೇಳ್ತೀರಿ ಅಕ್ಕಾರ. ನಮ್ಮ ಪ್ರಿನ್ಸಿಪಾಲ್ರು ಅಂಥವರಲ್ರಿ."

ನಮ್ಮವರೂ ಅಂಥವರಾಗಿರಲಿಲ್ಲ. ಕೆಳಗೆ ಬಿದ್ದಿದ್ದ ಪುಸ್ತಕವನ್ನೆತ್ತಿ ಸೆರಗಿನಿಂದ ಒರೆಸಿದೆ.

"ಹಂಗಾರ ಒಂದು ಕತಿ ಕೇಳು, ಕುಂದ್ರು" ಎಂದೆ. "ಕೊಲಿ ಮಾಡಿದವರು ಯಾರು ಅನ್ನೋದನ್ನ ಈ ಸಲ ಮೊದಲಿಗೇ ಹೇಳಿಬಿಡ್ತೀನಿ."