ಪರಾತದ ಅಂಚಿನ ಬೆಳಕು

ತಮ್ಮೂರು ಡಾಬಕಾದಿಂದ ಬರುವ ಮೊದಲ ಬಸ್ಸಿಳಿದು ಅಂಜನಾಬಾಯಿ ಔರಾದಿನ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಬೀಗ ತೆಗೆಯುವಾಗ ಬಿಸಿಲಿನ್ನೂ ಅಂಗಳಕ್ಕೆ ಇಳಿದಿರುವುದಿಲ್ಲ. ವಿದ್ಯುತ್ತು ಕೂಡಿಡುವ ನಲವತ್ತು ಕೆಪಾಸಿಟರುಗಳು ಅವರಿಗಾಗಿ ಕಾದಿರುತ್ತವೆ. ಒಂದೊಂದರ ಎರಡೂ ತುದಿಗೆ ತಂತಿ ತಾಗಿಸಿ, ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿದ ಮೇಲೆಯೇ ಒರೆಸುವ ಬಟ್ಟೆ ಕೈಗೆ ಬರುತ್ತದೆ.

ಈ ಅಟೆಂಡರಿಗೆ ಈಗ ಐವತ್ತೆರಡು. ಓದಿದ್ದು ಹತ್ತನೆಯವರೆಗೆ. ಆರು ವರ್ಷದ ಹಿಂದೆ ಒಂದು ದೊಡ್ಡ ಕೆಪಾಸಿಟರು ಒರೆಸುವಾಗ ಶಾಕ್ ಹೊಡೆದು ಅವರನ್ನು ಕೆಡವಿತ್ತು. ಇನ್ನೊಂದು ಅನಾಹುತ ಬೇಡವೆಂದು ಪ್ರಾಂಶುಪಾಲರು ಅವರನ್ನು ಕಚೇರಿಯ ಚಹಾ, ಫೈಲು ಹೊರುವ ಕೆಲಸಕ್ಕೆ ಹಾಕಿದರು. ಪ್ರಯೋಗಾಲಯ ತಪ್ಪಿದ್ದು ಏಟಿಗಿಂತ ಹೆಚ್ಚು ನೋಯಿಸಿತು. “ಪ್ಲಗ್ ತೆಗೆದಿದ್ನಿರಿ, ಆದ್ರೂ ಹೊಡೀತು. ಅದು ಎಲ್ಲಿ ಕುಂತಿತ್ತು, ಒಳಗ ಹ್ಯಾಂಗ ಹೋತು, ತಿಳೀಲಿಲ್ಲಂದ್ರ ನಿದ್ದಿ ಹತ್ತಲ್ದಂಗಾತು,” ಎನ್ನುತ್ತಾರೆ.

ಉಪನ್ಯಾಸಕ ಸತೀಶಕುಮಾರರನ್ನೇ ಕೇಳಿದರು. ಕೆಪಾಸಿಟರಿನೊಳಗಿನ ಎರಡು ತಟ್ಟೆಗಳ ನಡುವಿನ ಖಾಲಿ ಜಾಗದಲ್ಲಿ ಶಕ್ತಿ ಇರುತ್ತದೆ, ತಂತಿಯೊಳಗಿಂದ ಬರುತ್ತದೆ ಎಂದರು ಅವರು. ವಾರ ಕಳೆದು, ಪುಸ್ತಕ ಹಿಡಿದು ತಾವೇ ಕಚೇರಿಗೆ ಬಂದರು. “ಬಾಯಾರ, ಅರ್ಧ ತಪ್ಪು ಹೇಳಿದ್ನಿರಿ. ಶಕ್ತಿ ತಂತಿಯ ಸುತ್ತಲಿನ ಬಯಲಾಗ ಹರಿದು ಬಂದು, ತಟ್ಟಿ ಅಂಚಿನಿಂದ ನಡುವಿಗೆ ನುಗ್ತದ.”

ಅಂಜನಾಬಾಯಿಗೆ ಕಣ್ಣಾರೆ ನೋಡಬೇಕೆನಿಸಿತು. ಮನೆಯಲ್ಲಿ ಹಿಟ್ಟು ನಾದುವ ಎರಡು ಪರಾತ, ಅಂದರೆ ಅಗಲವಾದ ಲೋಹದ ತಟ್ಟೆ, ತಂದು ನಡುವೆ ಸಂದು ಬಿಟ್ಟು ತಳಕ್ಕೆ ತಳ ಎದುರಾಗುವಂತೆ ನಿಲ್ಲಿಸಿದರು. ಸತೀಶಕುಮಾರರು ಅವಕ್ಕೆ ಸೆಕೆಂಡಿಗೆ ಲಕ್ಷಾಂತರ ಸಲ ದಿಕ್ಕು ಬದಲಿಸುವ ವಿದ್ಯುತ್ತು ಕೊಟ್ಟರು. ಅಂಜನಾಬಾಯಿ ತಮ್ಮ ಗಾಜಿನ ಬಳೆಗೆ ತಂತಿ ಸುತ್ತಿ, ಪುಟ್ಟ ಎಲ್‌ಇಡಿ ಸಿಕ್ಕಿಸಿ, ಕೋಲಿನ ತುದಿಗೆ ಕಟ್ಟಿ ಆ ಸಂದಿನ ಮೇಲಂಚಿನಲ್ಲಿ ನೆಟ್ಟಗೆ ಹಿಡಿದಾಗ ದೀಪ ಹತ್ತಿತು. ನಟ್ಟನಡುವೆ ಒಯ್ದರೆ ಆರಿತು. ಅಂಚಿನಲ್ಲೇ ಬಳೆಯನ್ನು ಅಡ್ಡ ಮಲಗಿಸಿದರೂ ಆರಿತು. ತಂತಿಯಿಲ್ಲದ ಜಾಗದಲ್ಲಿ ಕಾಂತಕ್ಷೇತ್ರ ಸುತ್ತುತ್ತಿದೆ, ಅಂಚಿನಲ್ಲಿ ಅದರ ಬಲ ಹೆಚ್ಚು ಎಂಬುದಕ್ಕೆ ಅದೇ ಸಾಕ್ಷಿ. ಅದೂ ವಿದ್ಯುತ್ ಕ್ಷೇತ್ರವೂ ಕೂಡಿದಲ್ಲೇ ಶಕ್ತಿಯ ಹಾದಿ ಎಂದು ಸತೀಶಕುಮಾರರು ವಿವರಿಸಿದರು. ಮರುದಿನ ಅವರು ಪ್ರಾಂಶುಪಾಲರ ಮುಂದೆ ಕುಳಿತು, ಅಂಜನಾಬಾಯಿ ಇಲ್ಲದೆ ತಾವು ಪಾಠ ಮಾಡುವುದಿಲ್ಲವೆಂದರು. ಅಂಜನಾಬಾಯಿ ಪ್ರಯೋಗಾಲಯಕ್ಕೆ ಮರಳಿದರು.

ಈಗ ದಿನಕ್ಕೆ ವಿದ್ಯಾರ್ಥಿಗಳ ಮೂರು ತಂಡ ಈ ಪರಾತದ ಪ್ರಯೋಗ ಮಾಡುತ್ತವೆ. ಭಾಲ್ಕಿ, ಬೀದರಿನ ಕಾಲೇಜಿನವರೂ ಬಂದು ನೋಡಿ ಹೋಗುತ್ತಾರೆ. ಪ್ರಯೋಗದ ಪಕ್ಕದ ಫಲಕದಲ್ಲಿ ಅಂಜನಾಬಾಯಿಯ ಹೆಸರಿಲ್ಲ. ಹಾಕಿಸೋಣವೆಂದರೆ ನಾಚುತ್ತಾರೆ.

“ಹೆಸರು ಯಾಕ್ರಿ? ಮೊದಲ ಹುಡ್ಗೂರು ಸರ್ ಬೋರ್ಡ್ ಮ್ಯಾಲ ಬರ್ದಿದ್ದು ನೋಡಿ ಬರಕೋತಿದ್ರು. ಈಗ ದೀಪ ನೋಡಿ ಬರೀತಾರ.”