ಸಾವಂತ್ರವ್ವ ಕೊಟ್ಟ ಹೇಳಿಕೆ

ಪಾರಿಶ್ವಾಡದ ಕುರುಬರ ಓಣಿಯಲ್ಲಿ ಸಾವಂತ್ರವ್ವನಷ್ಟು ಸರಾಗವಾಗಿ ಸುಳ್ಳು ಹೇಳುವವರು ಇನ್ನೊಬ್ಬರಿರಲಿಲ್ಲ. ಹಾಗೆಂದ ಮಾತ್ರಕ್ಕೆ ಆಕೆಯನ್ನು ಕೆಟ್ಟವಳೆಂದು ತಿಳಿಯಬೇಡಿ. ಸಂತೆಯಲ್ಲಿ ಕುರಿ ಮಾರುವಾಗ ಅದರ ಕುಂಟುಗಾಲನ್ನು ತಾನೇ ಎತ್ತಿ ತೋರಿಸುವ ಹೆಂಗಸು ಅವಳು. ಸುಳ್ಳು ಹೇಳುತ್ತಿದ್ದುದು ಖಾಕಿ ತೊಟ್ಟವರ ಮುಂದೆ ಮಾತ್ರ. ಖಾಕಿ ಬಟ್ಟೆ ಆ ಓಣಿಗೆ ಬಂದು ಯಾರ ಹೆಸರು ಹಿಡಿದು ಕೇಳಿದರೂ ಉತ್ತರ ಒಂದೇ: ಅವರು ಇಲ್ಲಿಲ್ಲ, ಎಲ್ಲಿದ್ದಾರೋ ಗೊತ್ತಿಲ್ಲ. ಓಣಿಯ ಮಕ್ಕಳಿಗೂ ಇದು ಬಾಯಿಪಾಠವಾಗಿತ್ತು. ಕಲಿಸಿದವಳು ಸಾವಂತ್ರವ್ವನೇ.

ಅವಳಿಗೆ ಇದನ್ನು ಕಲಿಸಿದ್ದು ಅವಳ ಬದುಕು. ಗಂಡ ಕರೆಪ್ಪ ಒಂದು ಮಳೆಗಾಲ ಕುರಿ ಹೊಡೆದುಕೊಂಡು ಘಟ್ಟದಾಚೆ ಹೋಗಿದ್ದ. ಕುರಿ ಕಾಯ್ದಿಟ್ಟ ಅಡವಿಗೆ ನುಗ್ಗಿದವೆಂದು ಯಾರೋ ದೂರು ಕೊಟ್ಟಿದ್ದರು. ಅವನು ಮನೆಗೆ ಮರಳಿದ ಮೂರನೇ ದಿನ ಖಾಕಿಯ ಇಬ್ಬರು ಬಂದು, ಕರೆಪ್ಪನ ಮನೆ ಇದೇ ಏನೆಂದು ಕೇಳಿದರು. ಆಗಿನ್ನೂ ಹರೆಯದ ಸಾವಂತ್ರವ್ವ ಹಿಗ್ಗಿ ಹೌದೆಂದಳು. ಕಂಬಳಿ ಹಾಸಿ ಕೂರಿಸಿ, ನೀರು ಬೆಲ್ಲ ಕೊಟ್ಟು, ಹಿತ್ತಲಲ್ಲಿದ್ದ ಗಂಡನನ್ನು ತಾನೇ ಕೂಗಿ ಕರೆದಳು. ಅವರು ಹಿಡಿದೊಯ್ದ ಕರೆಪ್ಪ ನಾಲ್ಕು ದಿನದ ಮೇಲೆ ತಿರುಗಿ ಬಂದಾಗ ಒಂದು ಕೈ ಪಕ್ಕೆಯ ಮೇಲಿತ್ತು. ಆ ಕೈಯನ್ನು ಅವನು ಅಲ್ಲಿಂದ ತೆಗೆಯಲೇ ಇಲ್ಲ. ವರ್ಷ ತುಂಬುವುದರೊಳಗೆ ಹೋಗಿಬಿಟ್ಟ.

ಅವಳಿಗೆ ಉಳಿದವಳು ತಂಗಿ ರೂಪಾಲಿ ಒಬ್ಬಳೇ. ಹೆಸರಿಗೆ ತಂಗಿ. ಅವ್ವ ಹೆರಿಗೆಯಲ್ಲಿ ತೀರಿಹೋದಾಗ ಹದಿನೇಳು ವರ್ಷದ ಸಾವಂತ್ರವ್ವ ಆ ಕೂಸಿಗೆ ಆಡಿನ ಹಾಲು ಹಾಕಿ ಬದುಕಿಸಿಕೊಂಡಳು. ತನಗೆ ಮಕ್ಕಳಾಗಲಿಲ್ಲ, ಆಗಲಿಲ್ಲವೆಂದು ಅತ್ತದ್ದೂ ಇಲ್ಲ. ಹುಡುಗಿ ಸಾಲಿಯಲ್ಲಿ ಜಾಣೆಯಾದಳು, ಖಾನಾಪುರದಲ್ಲಿ ಪಿಯುಸಿ ಮುಗಿಸಿದಳು, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಸೇರಿ ವಡಗಾವಿಯ ನೇಕಾರರ ಕುಂದಾಬಾಯಿಯ ಮನೆಯಲ್ಲಿ ಕೋಣೆ ಹಿಡಿದಳು. ಮಗ್ಗದ ಸದ್ದಿನಲ್ಲಿ ಹೇಗೆ ನಿದ್ದೆ ಮಾಡುತ್ತೀ ಎಂದು ಸಾವಂತ್ರವ್ವ ಕೇಳಿದ್ದಕ್ಕೆ, ಸದ್ದು ನಿಂತರೇ ಎಚ್ಚರವಾಗುತ್ತದೆ ಎಂದು ನಕ್ಕಿದ್ದಳು.

ಅವಳು ಕೊನೆಯ ವರ್ಷಕ್ಕೆ ಕಾಲಿಡುವ ಮೊದಲಿನ ಬೇಸಿಗೆಯಲ್ಲಿ ಉತ್ತರದ ಹಿಮದ ಬೆಟ್ಟಗಳಲ್ಲಿ ಯುದ್ಧವಾಗಿತ್ತು. ಸೈನ್ಯಕ್ಕೆ ಹುಡುಗರನ್ನು ಕಳಿಸದ ಊರು ಈ ಸೀಮೆಯಲ್ಲಿ ಕಡಿಮೆ; ರೇಡಿಯೋ ಮುಂದೆ ಕೂರದ ಮನೆಯೂ ಇರಲಿಲ್ಲ. ರೂಪಾಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಉಣ್ಣೆಯನ್ನೇ ಆರಿಸಿಕೊಂಡಳು. ಬೆಟ್ಟ ಹತ್ತುವ ಸೈನಿಕ ಬೆವರುತ್ತಾನೆ, ನಿಂತಾಗ ಅದೇ ಬೆವರು ಮೈಮೇಲೆ ಹೆಪ್ಪುಗಟ್ಟುತ್ತದೆ. ಒದ್ದೆಯಾದರೂ ಬೆಚ್ಚಗಿಡುವ ಒಳಂಗಿಯನ್ನು ನಮ್ಮ ಒರಟು ಉಣ್ಣೆಯಲ್ಲಿ ಮಾಡಲು ಬರುತ್ತದೆಯೇ ಎಂಬುದು ಅವಳ ಪ್ರಶ್ನೆ. ನೂಲು ಕೊಟ್ಟವಳು ಅಕ್ಕ. ಯಾವ ಕುರಿಯ, ಯಾವ ತಿಂಗಳ ಕತ್ತರಿಕೆ, ನೀರಲ್ಲಿ ಅದ್ದಿ ಹಿಂಡಿದರೆ ಎಷ್ಟು ಬೇಗ ಬಿಗಿ ಬಿಡುತ್ತದೆ ಎಂಬುದೆಲ್ಲ ಸಾವಂತ್ರವ್ವನ ಬೆರಳಿಗೆ ಗೊತ್ತಿತ್ತು. ತಂಗಿ ಅದನ್ನು ಅಳೆದು ಕೋಷ್ಟಕದಲ್ಲಿ ಬರೆದಳು, ಕುಂದಾಬಾಯಿ ಮಗ್ಗದ ಮೇಲೆ ತುಂಡು ನೇಯ್ದುಕೊಟ್ಟಳು.

ಪ್ರೊಫೆಸರ್ ಬಾಳಕೃಷ್ಣ ಅವರಿಗೆ ಆ ಪ್ರಾಜೆಕ್ಟು ಬಹಳ ಹಿಡಿಸಿತು. ಪುಣೆಯ ಒಂದು ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಕಟಣೆಯನ್ನು ಅವರೇ ತಂದು ಅವಳ ಮುಂದಿಟ್ಟರು. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಒಂದು ವರ್ಷದ ಫೆಲೋಶಿಪ್. ಇಡೀ ದೇಶಕ್ಕೆ ಆರು ಜಾಗ. ಚೆನ್ನಾಗಿ ಕೆಲಸ ಮಾಡಿದವರಿಗೆ ಅಲ್ಲೇ ವಿಜ್ಞಾನಿಯಾಗುವ ದಾರಿ. ಒಬ್ಬರಿಗೆ ಅರ್ಜಿ ಹಾಕಲು ಒಂದೇ ಸಲ ಅವಕಾಶ. ರೂಪಾಲಿ ಸಂದರ್ಶನಕ್ಕೆ ಹೋಗಿ ಆರರಲ್ಲಿ ಒಬ್ಬಳಾಗಿ ಬಂದಳು. ಇನ್ನು ಬಾಕಿ ಉಳಿದದ್ದು ಪೊಲೀಸ್ ತಪಾಸಣೆ ಒಂದೇ.

"ಮನ್ಯಾಗ ಹೇಳಿಡವಾ, ಪೊಲೀಸರು ಕೇಳಾಕ ಬರ್ತಾರ. ಹಳ್ಳಿ ಮಂದಿ ಅಂಜತಾರ," ಎಂದು ಬಾಳಕೃಷ್ಣ ಎರಡು ಸಲ ಎಚ್ಚರಿಸಿದರು.

ರೂಪಾಲಿ ಹೂಂ ಎಂದಳು, ಹೇಳಲಿಲ್ಲ. ಪೊಲೀಸ್ ಎಂಬ ಮಾತು ಕಿವಿಗೆ ಬಿದ್ದರೆ ಅಕ್ಕ ಅನ್ನ ಬಿಡುತ್ತಾಳೆ, ಪುಣೆಯೂ ಬೇಡ ಗಿಣೆಯೂ ಬೇಡ ಎಂದು ಹಟ ಹಿಡಿಯುತ್ತಾಳೆ ಎಂದುಕೊಂಡಳು. ಬರುವ ಪೊಲೀಸ ಎರಡು ಮಾತು ಕೇಳಿ ಹೋಗುತ್ತಾನೆ, ಅಷ್ಟೇ ತಾನೇ ಎಂದು ಸುಮ್ಮನಾದಳು. ತಪ್ಪಿನ ಒಂದು ಪಾಲು ಅವಳದೂ ಹೌದು, ಅದನ್ನು ಇಲ್ಲಿ ಹೇಳದೆ ಹೋದರೆ ಅಕ್ಕನಿಗೆ ಅನ್ಯಾಯವಾಗುತ್ತದೆ.

ಮೇ ತಿಂಗಳ ಒಂದು ಬೆಳಗ್ಗೆ ಕಾನ್‌ಸ್ಟೇಬಲ್ ಭರಮಪ್ಪ ಸೈಕಲ್ಲಿನಿಂದ ಇಳಿದ. ಸಾವಂತ್ರವ್ವ ಬಾಗಿಲಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಳು.

"ರೂಪಾಲಿ ಅನ್ನಾಕಿ ಮನಿ ಇದ ಏನ್ರಿ?"

"ಯಾವ ರೂಪಾಲಿ?"

"ಬೆಳಗಾವ್ಯಾಗ ಓದಾಕತ್ತಾಳಂತ. ಎಂಥಾ ಹುಡುಗಿ, ಯಾರ ಜೋಡಿ ಓಡ್ಯಾಡ್ತಾಳ, ಏನರ ಗದ್ದಲದಾಗ ಸಿಕ್ಕಾಳೇನು, ಎಲ್ಲಾ ಕೇಳಿ ಬರಕೋಬೇಕು. ಸರಕಾರದ ಕೆಲಸ ಐತಿ."

ಯಾರ ಜೊತೆ ಓಡಾಡುತ್ತಾಳೆ ಎಂದದ್ದೇ ಸಾವಂತ್ರವ್ವನಿಗೆ ಇದು ಹಿಡಿದೊಯ್ಯುವ ಮಾತೆಂದು ಅನ್ನಿಸಿತು. ಕರೆಪ್ಪನನ್ನು ಒಯ್ದದ್ದೂ ಸರಕಾರದ ಕೆಲಸವೇ ಆಗಿತ್ತು. ಆದರೂ ಉಣ್ಣೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಅಂಥಾಕಿ ನಮ್ಮ ಮನಿ ಹುಡುಗಿ ಅಲ್ಲ್ರಿ. ಈ ಓಣ್ಯಾಗ ಯಾರೂ ಇಲ್ಲ ಆ ಹೆಸರಿನಾಕಿ."

"ಖರೇನ? ಕಾಗದದಾಗ ನಿಮ್ಮ ಹೆಸರ ಐತಿ."

"ಯಾರೋ ಬರದಿರಬೇಕು. ನನಗ ಹಿಂದಿಲ್ಲ ಮುಂದಿಲ್ಲ. ಬೇಕಾದ್ರ ಬಾಜೂ ಮನ್ಯಾಗ ಕೇಳ್ರಿ."

ಭರಮಪ್ಪ ಕೇಳಿದ. ಪಕ್ಕದ ಮಾಯಕ್ಕ ಗೊತ್ತಿಲ್ಲವೆಂದಳು, ಎದುರು ಮನೆಯ ಸತ್ಯಪ್ಪ ಹೆಸರೇ ಕೇಳಿಲ್ಲವೆಂದ. ರೂಪಾಲಿ ಹೈಸ್ಕೂಲಿನಲ್ಲಿ ಮೊದಲು ಬಂದಾಗ ಓಣಿಗೆಲ್ಲ ಪೇಡೆ ಹಂಚಿದವನು ಇದೇ ಸತ್ಯಪ್ಪ. ಕಾನ್‌ಸ್ಟೇಬಲ್ ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡು ಸಾವಂತ್ರವ್ವನ ಹೆಬ್ಬೆಟ್ಟು ಒತ್ತಿಸಿಕೊಂಡ. ಸೈಕಲ್ಲು ತಿರುವು ದಾಟಿದ ಮೇಲೆ ಅವಳು ಗೋಡೆಗೊರಗಿ ಕಣ್ಣು ಮುಚ್ಚಿದಳು. ಈ ಸಲ ತನ್ನವರನ್ನು ಉಳಿಸಿಕೊಂಡೆ ಎಂಬ ಸಮಾಧಾನ ಅವಳಿಗೆ ಕರೆಪ್ಪ ತೀರಿದ ಮೇಲೆ ಮೊದಲ ಬಾರಿಗೆ ಸಿಕ್ಕಿತ್ತು.

ಜೂನ್ ನಡುವಿನಲ್ಲಿ ಕಾಲೇಜಿಗೆ ಪತ್ರ ಬಂತು. ಕೊಟ್ಟ ವಿಳಾಸದಲ್ಲಿ ಇಂಥ ವ್ಯಕ್ತಿ ಇಲ್ಲ, ಮನೆಯವರೆಂದು ಹೇಳಿದವರು ಸಂಬಂಧವನ್ನೇ ಒಪ್ಪಿಲ್ಲ, ಆದ್ದರಿಂದ ಆಯ್ಕೆ ರದ್ದು. ರೂಪಾಲಿ ಆ ಪತ್ರ ಹಿಡಿದು ಮಳೆಯಲ್ಲೇ ಪಾರಿಶ್ವಾಡಕ್ಕೆ ಬಂದಳು. ಒದ್ದೆ ಸೀರೆ ಬದಲಿಸಲಿಲ್ಲ, ನಿಂತೇ ಕೇಳಿದಳು.

"ಪೊಲೀಸರು ಬಂದಿದ್ರೇನ?"

"ಬಂದಿದ್ರು. ನೀ ಏನೂ ಅಂಜಬ್ಯಾಡ. ನಮ್ಮ ಹುಡುಗಿ ಅಲ್ಲ ಅಂತ ಸಾಗಹಾಕೀನಿ," ಎಂದಳು ಸಾವಂತ್ರವ್ವ ದನಿ ತಗ್ಗಿಸಿ.

ರೂಪಾಲಿ ಪತ್ರವನ್ನು ಓದಿ ಅರ್ಥ ಹೇಳಿದಳು. ಸಾವಂತ್ರವ್ವ ಇನ್ನೊಮ್ಮೆ ಹೇಳಿಸಿದಳು. ಒಲೆಯ ಮೇಲಿನ ರೊಟ್ಟಿ ಹೊತ್ತಿ ಮನೆಯೆಲ್ಲ ಹೊಗೆಯಾದರೂ ಇಬ್ಬರೂ ಎದ್ದು ಹೋಗಲಿಲ್ಲ.

ಸೇರಬೇಕಾದ ದಿನ ಜುಲೈ ಒಂದು. ನಡುವೆ ಎರಡು ವಾರ. ಮರುದಿನ ಸಾವಂತ್ರವ್ವ ತನ್ನ ಬದುಕಿನಲ್ಲೇ ಮೊದಲ ಸಲ ಠಾಣೆಯ ಮೆಟ್ಟಿಲು ಹತ್ತಿದಳು. ಭರಮಪ್ಪ ಬಯ್ಯಲಿಲ್ಲ. "ನೀವ ಹೇಳಿದ್ದ ನಾ ಬರದೀನಿ ಅವ್ವಾರ. ಈಗ ಅದು ನನ್ನ ಕೈಯಾಗಿಲ್ಲ. ಬೆಳಗಾವಿ ದೊಡ್ಡ ಆಫೀಸಿಗೆ ಹೋಗ್ರಿ, ಸುಳ್ಳ ಹೇಳಿದ್ದೆ ಅಂತ ಬರಕೊಡ್ರಿ," ಎಂದ. ತಡೆದು, "ಅದಕ್ಕ ಕೇಸೂ ಆಗಬಹುದು," ಎಂದೂ ಸೇರಿಸಿದ.

ಅವಳು ಕೇಸು ಎಂದರೆ ಜೈಲು ಎಂದೇ ತಿಳಿದಳು. ಕುರಿಗಳನ್ನು ಮಾಯಕ್ಕನಿಗೆ ಒಪ್ಪಿಸಿದಳು, ಒಂದು ಕಂಬಳಿ, ಎರಡು ಸೀರೆ, ಒಣಗಿಸಿದ ಕಟಕ್ ರೊಟ್ಟಿಯ ಗಂಟು ಕಟ್ಟಿಕೊಂಡು ಬೆಳಗಾವಿಯ ಬಸ್ಸು ಹತ್ತಿದಳು. ನನ್ನನ್ನು ಒಳಗೆ ಹಾಕಿದರೂ ಚಿಂತೆಯಿಲ್ಲ, ಹುಡುಗಿಯನ್ನು ಹೊರಗೆ ಬಿಡಲಿ ಎಂಬುದೊಂದೇ ಅವಳ ತಲೆಯಲ್ಲಿತ್ತು. ಆಫೀಸಿನ ಬಾಗಿಲಲ್ಲಿ ರೂಪಾಲಿ ಮತ್ತು ಬಾಳಕೃಷ್ಣ ಕಾಯುತ್ತಿದ್ದರು. ಅಧಿಕಾರಿ ಸಿಗಲು ಮೂರು ದಿನ ಹಿಡಿಯಿತು. ಮೂರೂ ದಿನ ಅವಳು ಆ ಗಂಟು ಹಿಡಿದೇ ಕೂತಳು.

ನಾಲ್ಕನೆಯ ದಿನ ಅಧಿಕಾರಿ ಗಂಟಿನಲ್ಲಿ ಏನಿದೆ ಎಂದು ಕೇಳಿದರು. ಅವಳು ಹೇಳಿದ ಮೇಲೆ ಭರಮಪ್ಪ ಬರೆದುಕೊಂಡಿದ್ದ ಹೇಳಿಕೆಯನ್ನು ಮುಂದಿಟ್ಟುಕೊಂಡು, "ಯಾಕ ಹಂಗ ಹೇಳಿದ್ರಿ?" ಎಂದರು. ಸಾವಂತ್ರವ್ವ ಕರೆಪ್ಪನ ಕತೆ ಹೇಳಲಿಲ್ಲ. ಅಂಥ ಜಾಗದಲ್ಲಿ ಅವನ ಹೆಸರೆತ್ತಲು ಅವಳಿಗೆ ಮನಸ್ಸು ಬರಲಿಲ್ಲ. "ತಪ್ಪಾತ್ರಿ. ಈಕಿ ನನ್ನ ತಂಗಿ. ನಾನ ಸಾಕೀನಿ. ಈಕಿ ನಮ್ಮ ಮನಿ ಹುಡುಗಿ," ಎಂದಳು. ಅಧಿಕಾರಿ ಹೇಳಿಕೆ ಬರೆಸಿಕೊಂಡು, ಹೆಬ್ಬೆಟ್ಟು ಒತ್ತಿಸಿ, ಕೇಸು ಗೀಸು ಏನೂ ಇಲ್ಲ, ಮನೆಗೆ ಹೋಗಿ ಎಂದರು. ತಿದ್ದಿದ ವರದಿ ಅಂದೇ ಹೊರಟಿತು.

ವರದಿ ತಲುಪಿದ್ದಕ್ಕೆ ಉತ್ತರ ಜುಲೈ ಎಂಟಕ್ಕೆ ಬಂತು. ಕಾಯುವ ಪಟ್ಟಿಯಲ್ಲಿದ್ದವರು ಒಂದನೇ ತಾರೀಖೇ ಸೇರಿಯಾಗಿದೆ, ಅಭ್ಯರ್ಥಿಗೆ ಶುಭವಾಗಲಿ ಎಂದಿತ್ತು. ಮಾತು ಸೌಮ್ಯವಾಗಿತ್ತು. ಅದರಿಂದ ಆದ ಉಪಯೋಗವೇನೂ ಇಲ್ಲ.

ರೂಪಾಲಿ ಬೆಳಗಾವಿಯ ಬಸ್‌ಸ್ಟ್ಯಾಂಡಿಗೆ, ಉತ್ತರ ಕೇಳಲು ಮತ್ತೆ ಊರಿಂದ ಬಂದಿದ್ದ ಅಕ್ಕನನ್ನು ಬಸ್ಸು ಹತ್ತಿಸಲು ಬಂದಿದ್ದಳು. ಕಿಟಕಿಯ ಸರಳು ಹಿಡಿದು ಹೇಳಿದಳು: "ಅಕ್ಕಾ, ನನ್ನ ಉಳಸಾಕ ಹಂಗ ಹೇಳಿದಿ ಅಂತ ನನಗ ಗೊತ್ತೈತಿ. ನಾನೂ ನಿನಗ ಮೊದಲ ಹೇಳಬೇಕಿತ್ತು. ಎಲ್ಲಾ ತಿಳೀತದ. ಆದ್ರೂ ಹೊಟ್ಟ್ಯಾಗಿನ ಸಿಟ್ಟು ಹೋಗವಲ್ದು. ಅದು ಹೋದಮ್ಯಾಲ ಮನಿಗೆ ಬರ್ತೀನಿ."

ಸಾವಂತ್ರವ್ವ ತಲೆಯಾಡಿಸಿದಳು. ಬೇರೆ ಯಾರಾದರೂ ಆಗಿದ್ದರೆ ಅತ್ತು ಕರೆದು ಅಲ್ಲೇ ಕ್ಷಮೆ ಕೇಳಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದರು. ಅವಳು ಅದನ್ನೂ ಕೇಳಲಿಲ್ಲ. ಸಿಟ್ಟು ನ್ಯಾಯದ್ದೆಂದು ಅವಳಿಗೆ ಅನ್ನಿಸಿತ್ತು.

ದಸರೆ ಬಂತು, ರೂಪಾಲಿ ಬರಲಿಲ್ಲ. ದೀಪಾವಳಿಗೂ ಬರಲಿಲ್ಲ. ಬೆಳಗಾವಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಲಿಸುವ ಕೆಲಸ ಸಿಕ್ಕಿದೆಯೆಂದು ಕುಂದಾಬಾಯಿಯ ಕಡೆಯಿಂದ ಸುದ್ದಿ ಬಂತು. ಸಾವಂತ್ರವ್ವ ಓಣಿಯ ಮಕ್ಕಳಿಗೆ ಕಲಿಸಿದ ಪಾಠವನ್ನು ಮರೆಸಲು ಹೊರಟಳು. ಮಾಯಕ್ಕನೂ ಸತ್ಯಪ್ಪನೂ ತಲೆ ತಗ್ಗಿಸಿ ಕೇಳಿದರು, ಆದರೆ ಖಾಕಿಯ ಹೆದರಿಕೆ ಹೋಯಿತೆಂದು ಯಾರೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.

ಫೆಬ್ರವರಿಯಲ್ಲಿ ಒಂದು ಕಾಗದ ಬಂತು. ಟಪಾಲಿನವನೇ ಓದಿ ಹೇಳಿದ. ಅದರಲ್ಲಿ ಕ್ಷೇಮ ಸಮಾಚಾರ ಏನೂ ಇರಲಿಲ್ಲ. ಹಲಸಿಯ ಪ್ರಮಿಳಾ ಎಂಬ ಹುಡುಗಿ ನನ್ನ ವಿದ್ಯಾರ್ಥಿನಿ, ಪುಣೆಯ ಅದೇ ಸಂಸ್ಥೆಯಲ್ಲಿ ಬೇಸಿಗೆಯ ತರಬೇತಿಗೆ ಆಯ್ಕೆಯಾಗಿದ್ದಾಳೆ, ಅವರದೂ ನಮ್ಮಂಥದೇ ಮನೆ, ಪೊಲೀಸರು ಹೋಗುವ ಮೊದಲು ನೀನು ಒಮ್ಮೆ ಹೋಗಿ ಹೇಳಿ ಬಾ. ಕೆಳಗೆ ರೂಪಾಲಿ ಎಂದಿತ್ತು.

ಸಾವಂತ್ರವ್ವ ಮರುದಿನವೇ ಹಲಸಿಗೆ ಹೋದಳು. ಪ್ರಮಿಳೆಯ ತಾಯಿ ಸಾತವ್ವ ಹಟ್ಟಿ ಬಳಿಯುತ್ತಿದ್ದಳು. ಗುರುತಿಲ್ಲದ ಹೆಂಗಸು ಬಂದು ಪೊಲೀಸರ ಮಾತೆತ್ತಿದ್ದಕ್ಕೆ ಮೊದಲು ಬಾಗಿಲಿಗೆ ಅಡ್ಡ ನಿಂತಳು.

"ಕೇಳವಾ, ಖಾಕಿಯವ ಬಂದು ನಿನ್ನ ಮಗಳ ಹೆಸರ ಕೇಳ್ತಾನ. ಕೆಟ್ಟ ಮಾತ ಕೇಳ್ತಾನ. ಹೊಟ್ಟಿ ಉರೀತದ. ಆದ್ರೂ ಹೌದು, ನಮ್ಮ ಹುಡುಗಿ ಅಂತ ಹೇಳು. ನಾ ಅಲ್ಲ ಅಂದೆ. ನನ್ನ ತಂಗಿ ಪುಣೇಕ್ಕ ಹೋಗೂದು ತಪ್ಪಿತು."

ನಡೆದದ್ದನ್ನೆಲ್ಲ ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು. ಅಧಿಕಾರಿಯ ಮುಂದೆ ಬಾಯಿಗೆ ಬಾರದ ಕರೆಪ್ಪನ ಕತೆಯನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಸಾತವ್ವ ಕೈಯ ಸಗಣಿ ತೊಳೆದುಕೊಳ್ಳುವುದನ್ನೂ ಮರೆತು ಅವಳ ಪಕ್ಕ ಕೂತುಬಿಟ್ಟಳು.

"ತಂಗಿ ಸಿಟ್ಟ ಹೋತೇನವಾ? ಮನಿಗೆ ಬಂದಳೇನ?"

"ಇನ್ನಾ ಬಂದಿಲ್ಲ," ಎಂದಳು ಸಾವಂತ್ರವ್ವ. "ಆದ್ರ ನನಗ ಈ ಕೆಲಸ ಹೇಳ್ಯಾಳ."